ಸಿಆರ್‌ಇ ತಪಾಸಣೆ: ಸ್ವಾಬ್ ತೆಗೆದ ಗಳಿಗೆಯಿಂದ ವಾರ್ಡಿಗೆ ವರದಿ ಮುಟ್ಟುವವರೆಗೆ

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಪಾರ್ಶ್ವವಾಯುವಾಗಿ ದಾವಣಗೆರೆಯ ಆಸ್ಪತ್ರೆಯೊಂದರ ಐಸಿಯುನಲ್ಲಿ ಮೂರು ವಾರ ಇದ್ದರು. ಅನಂತರ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಸೇರಿಸಿದ ದಿನವೇ ಗುದದ್ವಾರದಿಂದ ಸ್ವಾಬ್ ತೆಗೆದು, ಪ್ರತ್ಯೇಕ ಕೋಣೆಯಲ್ಲಿ ಇರಿಸಿದರು. ಮೂರನೆಯ ದಿನ ‘ಸಿಆರ್‌ಇ ಪಾಸಿಟಿವ್’ ಎಂಬ ವರದಿ ಬಂತು. ದೊಡ್ಡ ಆಂಟಿಬಯೋಟಿಕ್‌ಗಳಿಗೂ ಬಗ್ಗದ ಬ್ಯಾಕ್ಟೀರಿಯಾ ಎಂದು ಹೇಳಿದರೇ ಹೊರತು, ಅದಕ್ಕೆಂದು ಯಾವ ಔಷಧವನ್ನೂ ಕೊಡಲಿಲ್ಲ. ಒಂದು ಗಂಟೆಯಲ್ಲಿ ಫಲಿತಾಂಶ ಕೊಡುವ ಯಂತ್ರಗಳಿವೆ ಎಂದು ಆಮೇಲೆ ತಿಳಿಯಿತು. ಹಾಗಿದ್ದರೆ ಮೂರು ದಿನ ಏಕೆ ಕಾಯಿಸಿದರು? ಔಷಧ ಏಕೆ ಕೊಡಲಿಲ್ಲ? ಅವರು ಮನೆಗೆ ಬಂದ ಮೇಲೆ ಮೊಮ್ಮಕ್ಕಳನ್ನು ದೂರ ಇಡಬೇಕೆ?

ಉತ್ತರ: ಮೊದಲು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದು ತಿಳಿಯಾದರೆ ಉಳಿದೆರಡು ಸುಲಭವಾಗುತ್ತವೆ. ನಿಮ್ಮ ತಂದೆಯವರ ಕರುಳಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೆಲೆಸಿದೆ ಎಂದಷ್ಟೇ ಆ ವರದಿ ಹೇಳುತ್ತದೆ. ಅದರಿಂದ ಅವರಿಗೆ ಕಾಯಿಲೆಯಾಗಿದೆ ಎಂದು ಹೇಳುವುದಿಲ್ಲ. ಇಂಥವರನ್ನು ನಾವು ವಾಹಕರು ಎನ್ನುತ್ತೇವೆ. ಕ್ಲೆಬ್ಸಿಯೆಲ್ಲಾ, ಇ. ಕೋಲೈ ಮುಂತಾದವು ಕರುಳಿನಲ್ಲಿ ಇರುವಂಥ ಬ್ಯಾಕ್ಟೀರಿಯಾಗಳೇ. ಅವು ಕರುಳಿನಲ್ಲಿಯೇ ಇರುವಷ್ಟು ಕಾಲ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಮೂತ್ರದ ಕೊಳವೆಯ ಮೂಲಕ ಮೂತ್ರಕೋಶಕ್ಕೆ, ವೆಂಟಿಲೇಟರ್ ಮೂಲಕ ಶ್ವಾಸಕೋಶಕ್ಕೆ, ಅಥವಾ ರಕ್ತನಾಳದಲ್ಲಿ ಇಟ್ಟ ಕ್ಯಾತಿಟರ್ ಮೂಲಕ ರಕ್ತಕ್ಕೆ ದಾಟಿದಾಗ ಅದು ಸೋಂಕಾಗುತ್ತದೆ. ವಾಹಕರಲ್ಲಿ ಬಹುಪಾಲು ಮಂದಿಗೆ ಹಾಗಾಗುವುದಿಲ್ಲ. ಕರುಳಿನಿಂದ ಈ ಬ್ಯಾಕ್ಟೀರಿಯಾವನ್ನು ಹೊರದಬ್ಬಲು ಆಂಟಿಬಯೋಟಿಕ್ ಕೊಟ್ಟರೆ, ಔಷಧಕ್ಕೆ ಬಗ್ಗುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಬಗ್ಗದಿರುವುದು ಇನ್ನಷ್ಟು ಹರಡಿಕೊಳ್ಳುತ್ತದೆ. ಯುರೋಪಿನ ತಜ್ಞರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸಿಆರ್‌ಇ ವಾಹಕರಿಗೆ ವಾಡಿಕೆಯಾಗಿ ಇಂಥ ಔಷಧ ಕೊಡಬಾರದೆಂದೇ ಹೇಳುತ್ತದೆ. ನಿಮ್ಮ ವೈದ್ಯರು ಔಷಧ ಕೊಡದೆ ಇದ್ದದ್ದು ನಿರ್ಲಕ್ಷ್ಯವಲ್ಲ, ಸರಿಯಾದ ಚಿಕಿತ್ಸೆಯೇ ಅದು.

ಚಿಕಿತ್ಸೆ ಕೊಡುವುದಿಲ್ಲವೆಂದ ಮೇಲೆ ಹುಡುಕುವುದೇಕೆ ಎಂಬ ಪ್ರಶ್ನೆ ಸಹಜ. ಎರಡು ಕಾರಣಗಳಿವೆ. ಒಂದು ನಿಮ್ಮ ತಂದೆಯವರಿಗೇ ಸಂಬಂಧಿಸಿದ್ದು: ನಾಳೆ ಅವರಿಗೆ ಜ್ವರ ಬಂದು ರಕ್ತದೊತ್ತಡ ಕುಸಿದರೆ, ಯಾವ ಔಷಧ ನಾಟುವುದಿಲ್ಲ ಎಂಬುದು ವೈದ್ಯರಿಗೆ ಮೊದಲ ಗಂಟೆಯಲ್ಲೇ ಗೊತ್ತಿರುತ್ತದೆ. ಇನ್ನೊಂದು ಪಕ್ಕದ ಹಾಸಿಗೆಗಳಲ್ಲಿ ಇರುವವರಿಗೆ ಸಂಬಂಧಿಸಿದ್ದು. ಇದರ ಗಂಭೀರತೆಯನ್ನು ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಸ್ಪತ್ರೆಯಲ್ಲಿ 2011ರಲ್ಲಿ ನಡೆದ ಘಟನೆ ತೋರಿಸಿಕೊಟ್ಟಿತು. ನ್ಯೂಯಾರ್ಕಿನ ಆಸ್ಪತ್ರೆಯಿಂದ ವರ್ಗವಾಗಿ ಬಂದ ರೋಗಿಯೊಬ್ಬರಲ್ಲಿ ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್ ಗುಂಪಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಇತ್ತು. ಅದು ಆಸ್ಪತ್ರೆಗೆ ತಿಳಿದಿತ್ತು, ಅವರನ್ನು ಪ್ರತ್ಯೇಕವಾಗಿಯೂ ಇರಿಸಿದ್ದರು. ಅವರು ಗುಣವಾಗಿ ಮನೆಗೆ ಹೋದ ಮೂರು ವಾರಗಳ ನಂತರ ಇನ್ನೊಬ್ಬ ರೋಗಿಯಲ್ಲಿ ಅದೇ ಬ್ಯಾಕ್ಟೀರಿಯಾ ಕಾಣಿಸಿತು. ಒಟ್ಟು 18 ಮಂದಿಗೆ ಹರಡಿತು. 11 ಮಂದಿ ತೀರಿಕೊಂಡರು, ಅವರಲ್ಲಿ 6 ಮಂದಿಯ ಸಾವಿಗೆ ಈ ಸೋಂಕೇ ಕಾರಣವೆಂದು ನಿರ್ಧರಿಸಲಾಯಿತು. ಬ್ಯಾಕ್ಟೀರಿಯಾಗಳ ಪೂರ್ಣ ಜೀನೋಮ್ ಓದಿದಾಗ ಎಲ್ಲವೂ ಮೊದಲ ರೋಗಿಯಿಂದಲೇ ಬಂದವೆಂದು ಖಚಿತವಾಯಿತು. ನಡುವಿನ ಆ ಮೂರು ವಾರಗಳಲ್ಲಿ ಯಾವ ಲಕ್ಷಣವೂ ಇಲ್ಲದ ರೋಗಿಗಳ ಕರುಳಿನಲ್ಲಿ ಅದು ಸದ್ದಿಲ್ಲದೆ ದಾಟುತ್ತಾ ಹೋಗಿತ್ತು. ಜ್ವರ ಬಂದವರ ಕಲ್ಚರ್ (ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾತ್ರ ನೋಡುತ್ತಾ ಕುಳಿತ ಆಸ್ಪತ್ರೆಗೆ ಈ ಹರಡುವಿಕೆ ಕಾಣುವುದೇ ಇಲ್ಲ.

ಇನ್ನು ಮೂರು ದಿನದ ವಿಚಾರ. ಸಿಆರ್‌ಇ ಎಂದರೆ ಮೆರೊಪೆನೆಮ್, ಇಮಿಪೆನೆಮ್ ಮುಂತಾದ ಕಾರ್ಬಪೆನೆಮ್ ಗುಂಪಿನ ಔಷಧಗಳಿಗೆ ಬಗ್ಗದ ಕರುಳಿನ ಬ್ಯಾಕ್ಟೀರಿಯಾಗಳು. ಅವನ್ನು ಕಂಡುಹಿಡಿಯುವ ಹಳೆಯ ಕ್ರಮದಲ್ಲಿ, ಸ್ವಾಬನ್ನು ಕಾರ್ಬಪೆನೆಮ್ ಬಿಲ್ಲೆ ಹಾಕಿದ ಪೋಷಕ ದ್ರವದಲ್ಲಿ ಅದ್ದಿ ಒಂದು ರಾತ್ರಿ ಇನ್‌ಕ್ಯುಬೇಟರ್‌ನಲ್ಲಿ ಇಡುತ್ತಾರೆ. ಔಷಧಕ್ಕೆ ಬಗ್ಗುವವು ಅಲ್ಲಿ ಬೆಳೆಯುವುದಿಲ್ಲ, ಬಗ್ಗದವು ಬೆಳೆಯುತ್ತವೆ. ಮರುದಿನ ಆ ದ್ರವವನ್ನು ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಅಗಾರ್ ತಟ್ಟೆಯ ಮೇಲೆ ಗೀರಿ ಇನ್ನೊಂದು ರಾತ್ರಿ ಬಿಡುತ್ತಾರೆ. ಮೂರನೆಯ ದಿನ ಗುಲಾಬಿ ಬಣ್ಣದ ಕಾಲೊನಿಗಳು, ಅಂದರೆ ಬೆಳೆದ ಬ್ಯಾಕ್ಟೀರಿಯಾದ ಗುಂಪುಗಳು, ಕಂಡರೆ ಅವು ಯಾವ ಜಾತಿಯವು, ಯಾವ ಔಷಧಕ್ಕೆ ಬಗ್ಗುತ್ತವೆ ಎಂಬ ಪರೀಕ್ಷೆ ಆರಂಭವಾಗುತ್ತದೆ. ಇಲ್ಲಿ ಯಾರೂ ಸೋಮಾರಿತನ ಮಾಡುತ್ತಿಲ್ಲ. ಕಾಲವನ್ನು ತೆಗೆದುಕೊಳ್ಳುತ್ತಿರುವುದು ಬ್ಯಾಕ್ಟೀರಿಯಾದ ಬೆಳವಣಿಗೆ. ಎಲ್ಲವೂ ಅನುಕೂಲವಾಗಿದ್ದಾಗ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಒಂದು ಕೋಶ 24 ಬಾರಿ ಹೀಗೆ ಎರಡರಷ್ಟಾದರೆ ಸುಮಾರು 1.68 ಕೋಟಿಯಷ್ಟಾಗಿ, ಕಣ್ಣಿಗೆ ಕಾಣುವ ಕಾಲೊನಿಯ ಗಾತ್ರಕ್ಕೆ ಬರುತ್ತದೆ. ಲೆಕ್ಕದ ಪ್ರಕಾರ ಅದಕ್ಕೆ ಎಂಟು ಗಂಟೆ ಸಾಕು. ಆದರೆ ಸ್ವಾಬ್‌ನಿಂದ ಬಂದ ಕೋಶಗಳು ಹೊಸ ಪರಿಸರಕ್ಕೆ ಒಗ್ಗಿಕೊಳ್ಳಬೇಕು, ಔಷಧದ ನಡುವೆ ಬೆಳೆಯಬೇಕು. ಹೀಗಾಗಿ 18ರಿಂದ 24 ಗಂಟೆ ಬಿಡುವುದು ರೂಢಿ.

ವೇಗದ ಮೊದಲ ಮೆಟ್ಟಿಲು ಈ ಎರಡು ರಾತ್ರಿಗಳನ್ನು ಒಂದು ರಾತ್ರಿಗೆ ಇಳಿಸಿದ್ದು. ಕ್ರೋಮೋಜೆನಿಕ್ ಅಗಾರ್ ಎಂಬ ತಟ್ಟೆಗಳಲ್ಲಿ ಔಷಧವೂ ಬಣ್ಣ ಬಿಡುವ ರಾಸಾಯನಿಕಗಳೂ ಮೊದಲೇ ಬೆರೆತಿರುತ್ತವೆ. ಸಂಜೆ ಸ್ವಾಬನ್ನು ನೇರವಾಗಿ ತಟ್ಟೆಯ ಮೇಲೆ ಸವರಿ ಇನ್‌ಕ್ಯುಬೇಟರ್‌ಗೆ ಇಟ್ಟರೆ, ಮರುದಿನ ತೆಗೆದು ನೋಡುವಾಗ ಇ. ಕೋಲೈ ಕೆಂಪು ಛಾಯೆಯಲ್ಲಿ, ಕ್ಲೆಬ್ಸಿಯೆಲ್ಲಾ ಲೋಹದ ಹೊಳಪಿನ ನೀಲಿಯಲ್ಲಿ ಎದ್ದು ಕಾಣುತ್ತದೆ. ಅನುಭವವಿರುವ ತಂತ್ರಜ್ಞರು ತಟ್ಟೆಯನ್ನು ಬೆಳಕಿಗೆ ಹಿಡಿದ ಕೂಡಲೇ ವಾರ್ಡಿಗೆ ಸುದ್ದಿ ಕಳುಹಿಸಲು ಇಷ್ಟು ಸಾಕು. ತಟ್ಟೆಯ ಬೆಲೆ, ನೀವು ಕೇಳಿದ ಒಂದು ಗಂಟೆಯ ಯಂತ್ರದೊಳಗೆ ಪರೀಕ್ಷೆಗೆಂದು ಹಾಕುವ ಕಾರ್ಟ್ರಿಜ್‌ಗಿಂತ ಎಷ್ಟೋ ಕಡಿಮೆ. ನಮ್ಮ ಆಸ್ಪತ್ರೆಗಳ ಮಟ್ಟಿಗೆ ಇದು ಸಿಗಬೇಕಾದಷ್ಟು ಗೌರವ ಸಿಗದ ವಿಧಾನ ಎಂಬುದು ನನ್ನ ಅಭಿಪ್ರಾಯ.

ತಟ್ಟೆಯಲ್ಲಿ ಕಾಲೊನಿ ಬಂದ ಮೇಲೆ ಅದು ಕಾರ್ಬಪೆನೆಮನ್ನು ಸೀಳುವ ಕಿಣ್ವವನ್ನು, ಅಂದರೆ ಕಾರ್ಬಪೆನಿಮೇಸ್ ಅನ್ನು, ತಯಾರಿಸುತ್ತಿದೆಯೇ ಎಂದು ನೋಡಬೇಕು. 2012ರಲ್ಲಿ ನಾರ್ಡ್‌ಮನ್, ಪೊಯಿರೆಲ್ ಮತ್ತು ಡೋರ್ಟೆ ಎಂಬ ವಿಜ್ಞಾನಿಗಳು ಪ್ರಕಟಿಸಿದ ಕಾರ್ಬಾ ಎನ್‌ಪಿ ಪರೀಕ್ಷೆ ಇದನ್ನು ಎರಡು ಗಂಟೆಯೊಳಗೆ ಹೇಳುತ್ತದೆ. ಎರಡು ಪುಟ್ಟ ಟ್ಯೂಬುಗಳಲ್ಲಿ ಫಿನಾಲ್ ರೆಡ್ ಬಣ್ಣದ ದ್ರಾವಣ ಇರುತ್ತದೆ. ಒಂದಕ್ಕೆ ಮಾತ್ರ ಇಮಿಪೆನೆಮ್ ಸೇರಿಸಿರುತ್ತಾರೆ. ಎರಡಕ್ಕೂ ಬ್ಯಾಕ್ಟೀರಿಯಾದ ಸಾರವನ್ನು ಹಾಕುತ್ತಾರೆ. ಕಿಣ್ವವಿದ್ದರೆ ಅದು ಇಮಿಪೆನೆಮ್‌ನ ಬೀಟಾ-ಲ್ಯಾಕ್ಟಮ್ ಉಂಗುರವನ್ನು ಒಡೆಯುತ್ತದೆ, ದ್ರಾವಣ ಆಮ್ಲೀಯವಾಗುತ್ತದೆ, ಕೆಂಪು ಬಣ್ಣ ಕಿತ್ತಳೆಗೆ ತಿರುಗಿ ಹಳದಿಯಾಗುತ್ತದೆ. ಔಷಧವಿಲ್ಲದ ಟ್ಯೂಬು ಕೆಂಪಾಗಿಯೇ ಉಳಿಯಬೇಕು. ಅದೂ ಹಳದಿಯಾದರೆ ಪರೀಕ್ಷೆಯನ್ನು ನಂಬುವಂತಿಲ್ಲ. ಇನ್ನೂ ಸುಲಭವಾದದ್ದು ಪಟ್ಟಿಯ ಪರೀಕ್ಷೆ. ಕೋವಿಡ್ ಕಾಲದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳುತ್ತಿದ್ದ ಕಿಟ್‌ನಂತೆಯೇ ಇದು ಕೂಡ ಗೆರೆ ಮೂಡಿಸುತ್ತದೆ. ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಆಕ್ಸಾ-48 ಎಂಬ ಐದು ಬಗೆಯ ಕಿಣ್ವಗಳಲ್ಲಿ ಯಾವುದಿದೆ ಎಂದು 15 ನಿಮಿಷದಲ್ಲಿ ತೋರಿಸುತ್ತದೆ. ಆದರೆ ಇವೆರಡಕ್ಕೂ ಕಾಲೊನಿ ಬೇಕು. ಅಂದರೆ ಒಂದು ರಾತ್ರಿಯಂತೂ ಕಳೆದಿರಲೇಬೇಕು.

ನೀವು ಕೇಳಿದ ಒಂದು ಗಂಟೆಯ ಯಂತ್ರ ಈ ರಾತ್ರಿಯನ್ನೂ ಉಳಿಸುತ್ತದೆ. ಸ್ವಾಬ್‌ನಿಂದ ಬಂದ ಡಿಎನ್‌ಎಯನ್ನು ಪಿಸಿಆರ್ ವಿಧಾನದಿಂದ ನೇರವಾಗಿ ಹಿಗ್ಗಿಸಿ, ಈ ಐದು ಕಿಣ್ವಗಳ ಜೀನ್‌ಗಳು ಇವೆಯೇ ಎಂದು ಸುಮಾರು 50 ನಿಮಿಷದಲ್ಲಿ ಹೇಳುತ್ತದೆ. ಕ್ಷಯರೋಗ ಪರೀಕ್ಷೆಗಾಗಿ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಬಿನ್ಯಾಟ್ ಎಂಬ ಹೆಸರಿನಲ್ಲಿ ಇರುವ ಜೀನ್‌ಎಕ್ಸ್‌ಪರ್ಟ್ ಯಂತ್ರವೇ ಇದಕ್ಕೂ ಆಗುತ್ತದೆ, ಒಳಗೆ ಹಾಕುವ ಕಾರ್ಟ್ರಿಜ್ ಮಾತ್ರ ಬೇರೆ. ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್ ಎಂಬ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಮೂಗಿನ ಸ್ವಾಬ್‌ನಲ್ಲಿ ಹುಡುಕುವ ಕಾರ್ಟ್ರಿಜ್‌ಗಳೂ ಇವೆ.

ಯಾವ ಕಿಣ್ವ ಎಂಬುದು ಚಿಕಿತ್ಸೆಯ ದಿಕ್ಕನ್ನೇ ಬದಲಿಸುವ ಪ್ರಶ್ನೆಯಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಮೆರಿಕದಲ್ಲಿ ಬಹುಕಾಲ ಮೇಲುಗೈ ಸಾಧಿಸಿದ್ದು ಕೆಪಿಸಿ. ಅದು ಮೊದಲು ಸಿಕ್ಕಿದ್ದು 1996ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಸಂಗ್ರಹಿಸಿದ ಬ್ಯಾಕ್ಟೀರಿಯಾದಲ್ಲಿ. ಆಕ್ಸಾ-48 ಮೊದಲು ಕಂಡದ್ದು ಟರ್ಕಿಯ ಇಸ್ತಾಂಬುಲ್‌ನಲ್ಲಿ, 2001ರ ಮಾದರಿಯಲ್ಲಿ. ಎನ್‌ಡಿಎಂ-1 ಗುರುತಿಸಲಾದದ್ದು ದೆಹಲಿಯಲ್ಲಿ ಆಸ್ಪತ್ರೆ ಸೇರಿ 2008ರಲ್ಲಿ ಸ್ವೀಡನ್‌ಗೆ ಮರಳಿದ ಭಾರತ ಮೂಲದ ರೋಗಿಯಲ್ಲಿ. ನಮ್ಮ ದೇಶದ ಸಿಆರ್‌ಇಗಳಲ್ಲಿ ಹೆಚ್ಚಾಗಿ ಕಾಣುವುದು ಎನ್‌ಡಿಎಂ ಮತ್ತು ಆಕ್ಸಾ-48ರ ಸಂಬಂಧಿಗಳು, ಎಷ್ಟೋ ಸಲ ಎರಡೂ ಒಂದೇ ಬ್ಯಾಕ್ಟೀರಿಯಾದಲ್ಲಿ. ಕೆಪಿಸಿ ಇಲ್ಲಿ ವಿರಳ. ಸೆಫ್ಟಾಜಿಡೀಮ್-ಅವಿಬ್ಯಾಕ್ಟಮ್ ಎಂಬ ದುಬಾರಿ ಔಷಧ ಕೆಪಿಸಿ ಮತ್ತು ಆಕ್ಸಾ-48 ಇದ್ದಾಗ ಕೆಲಸ ಮಾಡುತ್ತದೆ, ಎನ್‌ಡಿಎಂ ಇದ್ದಾಗ ಮಾಡುವುದಿಲ್ಲ, ಏಕೆಂದರೆ ಸತುವಿನ ಬಲದಿಂದ ಕೆಲಸ ಮಾಡುವ ಆ ಕಿಣ್ವವನ್ನು ಅವಿಬ್ಯಾಕ್ಟಮ್ ತಡೆಯಲಾರದು. ಅಜ್‌ಟ್ರಿಯೊನಾಮ್ ಎಂಬ ಹಳೆಯ ಔಷಧವನ್ನು ಎನ್‌ಡಿಎಂ ಒಡೆಯುವುದಿಲ್ಲ, ಆದರೆ ಅದೇ ಬ್ಯಾಕ್ಟೀರಿಯಾದಲ್ಲಿರುವ ಬೇರೆ ಕಿಣ್ವಗಳು ಒಡೆಯುತ್ತವೆ. ಆ ಬೇರೆ ಕಿಣ್ವಗಳನ್ನು ಅವಿಬ್ಯಾಕ್ಟಮ್ ತಡೆದು ನಿಲ್ಲಿಸುತ್ತದೆ. ಆದ್ದರಿಂದಲೇ ಎನ್‌ಡಿಎಂ ಸೋಂಕಿಗೆ ಈ ಎರಡನ್ನೂ ಜೊತೆಗೆ ಕೊಡುತ್ತಾರೆ. ‘ಸಿಆರ್‌ಇ ಪಾಸಿಟಿವ್’ ಎಂದಷ್ಟೇ ಬರೆದ ವರದಿಗಿಂತ ‘ಕ್ಲೆಬ್ಸಿಯೆಲ್ಲಾ, ಎನ್‌ಡಿಎಂ’ ಎಂದು ಬರೆದ ವರದಿ ರೋಗಿಯ ಪ್ರಾಣಕ್ಕೆ ಎಷ್ಟು ಹತ್ತಿರವೆಂದು ಇದರಿಂದ ತಿಳಿಯುತ್ತದೆ. ನಿಮ್ಮ ತಂದೆಯವರ ವರದಿಯಲ್ಲಿ ಕಿಣ್ವದ ಹೆಸರು ಇದೆಯೇ ಎಂದು ದಯವಿಟ್ಟು ನೋಡಿ, ಇಲ್ಲದಿದ್ದರೆ ವೈದ್ಯರನ್ನು ಕೇಳಿ.

ಇದೇ ಕಾರಣದಿಂದ ಹೊರದೇಶದಲ್ಲಿ ಹೊಗಳಿಸಿಕೊಂಡ ಪರೀಕ್ಷೆಯನ್ನು ನಾವು ಕಣ್ಣುಮುಚ್ಚಿ ಕೊಳ್ಳಬಾರದು. ಕಾರ್ಬಾ ಎನ್‌ಪಿ ಕೆಪಿಸಿ ಮತ್ತು ಎನ್‌ಡಿಎಂಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಆಕ್ಸಾ-48ರ ಗುಂಪು ಇಮಿಪೆನೆಮನ್ನು ನಿಧಾನವಾಗಿ ಒಡೆಯುವುದರಿಂದ ಎಷ್ಟೋ ಸಲ ಟ್ಯೂಬು ಕೆಂಪಾಗಿಯೇ ಉಳಿಯುತ್ತದೆ. ಭಾರತದಲ್ಲಿ ಸಾಮಾನ್ಯವಾಗಿರುವ ಆಕ್ಸಾ-181 ಮತ್ತು ಆಕ್ಸಾ-232 ಎಂಬ ರೂಪಗಳನ್ನು ಪಿಸಿಆರ್ ಕಾರ್ಟ್ರಿಜ್‌ನ ಮೊದಲ ಆವೃತ್ತಿ ಗುರುತಿಸುತ್ತಿರಲಿಲ್ಲ. ಆಮೇಲಿನ ಆವೃತ್ತಿಯಲ್ಲಿ ಸರಿಪಡಿಸಿದರು. ನಮ್ಮ ಐಸಿಯುಗಳನ್ನು ಸಿಆರ್‌ಇಯಷ್ಟೇ ಕಾಡುವ ಅಸಿನೆಟೊಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಹೆಚ್ಚಾಗಿರುವ ಆಕ್ಸಾ-23 ಆ ಐದು ಜೀನ್‌ಗಳ ಪಟ್ಟಿಯಲ್ಲಿಯೇ ಇಲ್ಲ. ಪಿಸಿಆರ್ ತಾನು ಹುಡುಕಲು ಹೊರಟದ್ದನ್ನು ಮಾತ್ರ ಕಾಣುತ್ತದೆ. ತಟ್ಟೆಯಾದರೋ ಯಾವ ಕಾರಣದಿಂದ ಬಗ್ಗದಿದ್ದರೂ ಬೆಳೆದು ತೋರಿಸುತ್ತದೆ, ಮುಂದಿನ ಔಷಧ ಪರೀಕ್ಷೆಗೆ ಜೀವಂತ ಬ್ಯಾಕ್ಟೀರಿಯಾವನ್ನೂ ಕೊಡುತ್ತದೆ. ವೇಗದ ಪರೀಕ್ಷೆ ಬಂದರೂ ಕಲ್ಚರ್ ನಿಲ್ಲಿಸಲಾಗದು ಎಂದು ನಾವು ಹೇಳುವುದು ಇದಕ್ಕೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಯಂತ್ರದ ಒಳಗೆ ಕಳೆಯುವ 50 ನಿಮಿಷ ಒಟ್ಟು ಸಮಯದ ಸಣ್ಣದೊಂದು ಪಾಲು. ರೋಗಿಗೆ ಲೆಕ್ಕಕ್ಕೆ ಬರುವುದು ಸ್ವಾಬ್ ತೆಗೆದ ಗಳಿಗೆಯಿಂದ ವಾರ್ಡಿನಲ್ಲಿ ಯಾರಾದರೂ ಅದರ ಮೇಲೆ ಕ್ರಮ ಕೈಗೊಂಡ ಗಳಿಗೆಯವರೆಗಿನ ಸಮಯ. ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಸೇರಿದ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವೇಗದ ಪಿಸಿಆರ್‌ನಿಂದ ಎಂಆರ್‌ಎಸ್‌ಎಗಾಗಿ ತಪಾಸಣೆ ಮಾಡಿದ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದುವರೆಗೆ ಗೊತ್ತಿರದ 337 ವಾಹಕರು ಅದರಿಂದ ಪತ್ತೆಯಾದರು. ಆದರೆ ಸ್ವಾಬ್ ತೆಗೆದ ನಂತರ ಫಲಿತಾಂಶ ತಿಳಿಸಲು ಹಿಡಿದ ಮಧ್ಯಾಂಕ ಸಮಯ 22.5 ಗಂಟೆ, ಮತ್ತು ಆಸ್ಪತ್ರೆಯಲ್ಲಿ ತಗುಲುವ ಎಂಆರ್‌ಎಸ್‌ಎ ಸೋಂಕುಗಳು ಕಡಿಮೆಯಾಗಲಿಲ್ಲ. ಅದೇ ವರ್ಷ ಲಂಡನ್ನಿನ ವಾರ್ಡುಗಳಲ್ಲಿ ನಡೆದ ಪ್ರಯೋಗದಲ್ಲಿಯೂ ವೇಗದ ಪರೀಕ್ಷೆಯ ವರದಿಗೆ 22 ಗಂಟೆ, ಕಲ್ಚರ್ ವರದಿಗೆ 46 ಗಂಟೆ ಹಿಡಿಯಿತು. ಹೊಸದಾಗಿ ಎಂಆರ್‌ಎಸ್‌ಎ ಅಂಟಿಸಿಕೊಂಡವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಒಂದು ಲಾಭ ಸ್ಪಷ್ಟವಾಗಿ ಕಂಡಿತು: ಅನುಮಾನದ ಮೇಲೆ, ಅಗತ್ಯವಿಲ್ಲದೆ, ರೋಗಿಗಳನ್ನು ಪ್ರತ್ಯೇಕವಾಗಿಟ್ಟ ದಿನಗಳು 399ರಿಂದ 277ಕ್ಕೆ ಇಳಿದವು.

ಆ 22 ಗಂಟೆಗಳು ಎಲ್ಲಿ ಹೋಗುತ್ತವೆ ಎಂಬುದನ್ನು ಆಸ್ಪತ್ರೆಯ ಲ್ಯಾಬ್ ಬಲ್ಲ ಯಾರಾದರೂ ಹೇಳಬಲ್ಲರು. ಮಧ್ಯಾಹ್ನ ಎರಡಕ್ಕೆ ತೆಗೆದ ಸ್ವಾಬ್ ನರ್ಸಿಂಗ್ ಸ್ಟೇಷನ್ನಿನ ಟ್ರೇಯಲ್ಲಿ ಕುಳಿತು, ವಾರ್ಡ್ ಸಹಾಯಕರು ಸಂಜೆಯ ಸುತ್ತಿಗೆ ಬಂದಾಗ ಹೊರಡುತ್ತದೆ. ಲ್ಯಾಬ್‌ನಲ್ಲಿ ನೋಂದಣಿಯಾಗುವಷ್ಟರಲ್ಲಿ ಪಾಳಿ ಬದಲಾಗಿರುತ್ತದೆ. ಕಾರ್ಟ್ರಿಜ್ ದುಬಾರಿಯೆಂದು, ಬೆಳಿಗ್ಗೆ ಮೇಲ್ವಿಚಾರಕರು ಬಂದ ಮೇಲೆ ಹಾಕೋಣವೆಂದು ಬಿಡುತ್ತಾರೆ. ಫಲಿತಾಂಶ ಬಂದ ಮೇಲೆ ಸೂಕ್ಷ್ಮಜೀವಿ ತಜ್ಞರು ಸಹಿ ಮಾಡಬೇಕು. ಕಂಪ್ಯೂಟರ್‌ನಲ್ಲಿ ಸೇರಿದ ವರದಿಯನ್ನು ವಾರ್ಡಿನಲ್ಲಿ ಯಾರಾದರೂ ತೆರೆದು ನೋಡಬೇಕು. ನಡುವೆ ಭಾನುವಾರ ಬಂದರೆ ಮುಗಿಯಿತು. ಇದರಲ್ಲಿ ಬ್ಯಾಕ್ಟೀರಿಯಾದ ಪಾತ್ರ ಏನೂ ಇಲ್ಲ. ಸ್ವಾಬ್‌ಗಳನ್ನು ದಿನಕ್ಕೆ ಮೂರು ನಾಲ್ಕು ಬಾರಿ ಒಯ್ಯುವ ಏರ್ಪಾಡು, ರಾತ್ರಿ ಪಾಳಿಯವರಿಗೂ ತಟ್ಟೆ ಹಾಕುವ ಅಧಿಕಾರ, ಪಾಸಿಟಿವ್ ಬಂದ ಕೂಡಲೇ ಸೋಂಕು ನಿಯಂತ್ರಣ ನರ್ಸ್‌ಗೆ ಫೋನ್ ಮಾಡಿ ಆ ಕರೆಯ ಸಮಯವನ್ನು ಬರೆದಿಡುವ ನಿಯಮ, ಇಷ್ಟನ್ನು ಮಾಡಿಕೊಂಡ ಆಸ್ಪತ್ರೆ ಹೊಸ ಯಂತ್ರವಿಲ್ಲದೆಯೇ ತನ್ನ ಮೂರು ದಿನಗಳನ್ನು ಒಂದೂವರೆ ದಿನಕ್ಕೆ ಇಳಿಸಬಲ್ಲದು. ಇದನ್ನು ಮಾಡಿಕೊಳ್ಳದ ಆಸ್ಪತ್ರೆಗೆ ಯಂತ್ರ ಬಂದರೂ ದೊಡ್ಡ ಪ್ರಯೋಜನವಿಲ್ಲ.

ಸ್ವಾಬ್ ತೆಗೆಯುವ ಕೆಲಸಕ್ಕೂ ಇದೇ ಮಾತು ಸಲ್ಲುತ್ತದೆ. ಗುದದ್ವಾರದ ಸ್ವಾಬ್‌ನ ತುದಿಯಲ್ಲಿ ಮಲದ ಬಣ್ಣ ಕಣ್ಣಿಗೆ ಕಾಣಬೇಕು. ರೋಗಿಗೆ ಮುಜುಗರವಾಗಬಾರದೆಂದು ಹೊರಗಿನ ಚರ್ಮಕ್ಕೆ ಮುಟ್ಟಿಸಿ ತೆಗೆದ ಬಿಳಿಯ ಸ್ವಾಬ್‌ನಿಂದ ಯಾವ ದುಬಾರಿ ಯಂತ್ರವೂ ಸರಿಯಾದ ಉತ್ತರ ಕೊಡಲಾರದು. ಅಂಥ ಸ್ವಾಬ್ ಬಂದರೆ ಲ್ಯಾಬ್ ಅದನ್ನು ಹಿಂದಕ್ಕೆ ಕಳುಹಿಸಬೇಕು, ‘ನೆಗೆಟಿವ್’ ಎಂದು ಬರೆದು ಕಳುಹಿಸಬಾರದು.

ಹಾಗಾದರೆ ಸೇರುವ ಪ್ರತಿಯೊಬ್ಬರಿಗೂ ವೇಗದ ಪರೀಕ್ಷೆ ಮಾಡಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಒಂದು ಕಾಲ್ಪನಿಕ ಲೆಕ್ಕ ನೋಡೋಣ. ವಾಹಕರಲ್ಲಿ ನೂರಕ್ಕೆ 95 ಮಂದಿಯನ್ನು ಹಿಡಿಯುವ, ವಾಹಕರಲ್ಲದವರಲ್ಲಿ ನೂರಕ್ಕೆ ಮೂವರನ್ನು ತಪ್ಪಾಗಿ ಪಾಸಿಟಿವ್ ಎನ್ನುವ ಪರೀಕ್ಷೆ ಇದೆ ಎಂದುಕೊಳ್ಳಿ. ಸಾವಿರ ಮಂದಿಯಲ್ಲಿ 20 ವಾಹಕರಿರುವ ಸಾಮಾನ್ಯ ವಾರ್ಡಿನಲ್ಲಿ ಅದು 19 ನಿಜವಾದ ಪಾಸಿಟಿವ್‌ಗಳನ್ನೂ ಸುಮಾರು 29 ಸುಳ್ಳು ಪಾಸಿಟಿವ್‌ಗಳನ್ನೂ ಕೊಡುತ್ತದೆ. ಪ್ರತ್ಯೇಕ ಕೋಣೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದರ ಅಗತ್ಯವೇ ಇರುವುದಿಲ್ಲ. ಅದೇ ಪರೀಕ್ಷೆಯನ್ನು ಸಾವಿರಕ್ಕೆ 200 ವಾಹಕರಿರುವ ಗುಂಪಿನಲ್ಲಿ ಮಾಡಿದರೆ 190 ನಿಜ, 24 ಸುಳ್ಳು. ಪರೀಕ್ಷೆ ಬದಲಾಗಲಿಲ್ಲ, ಯಾರಿಗೆ ಮಾಡಿದೆವು ಎಂಬುದು ಬದಲಾಯಿತು. ಆದ್ದರಿಂದ ಬೇರೆ ಆಸ್ಪತ್ರೆಯಿಂದ, ಅದರಲ್ಲಿಯೂ ಐಸಿಯುನಿಂದ ವರ್ಗವಾಗಿ ಬಂದವರು, ಇತ್ತೀಚೆಗೆ ಹೆಚ್ಚು ದಿನ ಆಂಟಿಬಯೋಟಿಕ್ ಪಡೆದವರು, ಡಯಾಲಿಸಿಸ್‌ನಲ್ಲಿ ಇರುವವರು, ಅಂಗಾಂಗ ಕಸಿ ಅಥವಾ ರಕ್ತ ಕ್ಯಾನ್ಸರ್ ಚಿಕಿತ್ಸೆಗೆ ಸೇರುವವರು, ಪಾಸಿಟಿವ್ ಆದ ರೋಗಿಯ ಪಕ್ಕದಲ್ಲಿ ಇದ್ದವರು, ಇವರನ್ನು ಆರಿಸಿ ಮಾಡುವುದೇ ವಿವೇಕ. ನಿಮ್ಮ ತಂದೆಯವರು ಈ ಪಟ್ಟಿಯ ಮೊದಲ ಸಾಲಿನವರು. ವರದಿ ಬರುವ ಮೊದಲೇ ಅವರನ್ನು ಪ್ರತ್ಯೇಕವಾಗಿ ಇರಿಸಿದ್ದರಿಂದ, ಕಾದ ಆ ದಿನಗಳಲ್ಲಿ ಬೇರೆಯವರಿಗೆ ಹರಡುವ ದಾರಿಯನ್ನು ಆಸ್ಪತ್ರೆ ಮುಚ್ಚಿತ್ತು. ಪ್ರತ್ಯೇಕ ಕೋಣೆ ಸಿಗುವ ಆಸ್ಪತ್ರೆಯಲ್ಲಿ ಮೂರು ದಿನದ ವರದಿಯಿಂದ ಆಗುವ ಹಾನಿ ಕಡಿಮೆ. ಹತ್ತು ಹಾಸಿಗೆಗೆ ಒಂದು ಕೋಣೆಯೂ ಇಲ್ಲದ ಕಡೆ, ಯಾರನ್ನು ಅಲ್ಲಿ ಇಡಬೇಕು ಎಂದು ಅಂದೇ ತೀರ್ಮಾನಿಸಬೇಕಾದ ಕಡೆ, ಒಂದು ಗಂಟೆಯ ಪರೀಕ್ಷೆಯ ಬೆಲೆ ಹೆಚ್ಚು.

ಹುಡುಕಿದ್ದರಿಂದ ಪ್ರಯೋಜನವಾದ ದೊಡ್ಡ ಉದಾಹರಣೆಯೂ ಇದೆ. 2006ರಲ್ಲಿ ಇಸ್ರೇಲ್‌ನಲ್ಲಿ ಕೆಪಿಸಿ ಕ್ಲೆಬ್ಸಿಯೆಲ್ಲಾ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಬ್ಬಿ, 2007ರ ಮಾರ್ಚ್ ಅಂತ್ಯದ ವೇಳೆಗೆ 27 ಆಸ್ಪತ್ರೆಗಳಲ್ಲಿ 1,275 ಮಂದಿಯನ್ನು ತಟ್ಟಿತ್ತು. ಆಗ ಅಲ್ಲಿನ ಆರೋಗ್ಯ ಸಚಿವಾಲಯ ವಾಹಕರನ್ನು ಪ್ರತ್ಯೇಕವಾಗಿಡುವುದನ್ನು, ಅವರಿಗೆಂದೇ ಸಿಬ್ಬಂದಿಯನ್ನು ಮೀಸಲಿಡುವುದನ್ನು, ಪ್ರತಿ ಪ್ರಕರಣವನ್ನು ದಿನವೂ ವರದಿ ಮಾಡುವುದನ್ನು ಕಡ್ಡಾಯ ಮಾಡಿತು. ಒಂದು ಲಕ್ಷ ರೋಗಿ-ದಿನಗಳಿಗೆ (ಒಬ್ಬ ರೋಗಿ ಆಸ್ಪತ್ರೆಯಲ್ಲಿ ಕಳೆದ ಒಂದು ದಿನವೇ ಒಂದು ರೋಗಿ-ದಿನ) 55.5 ಇದ್ದ ಹೊಸ ಪ್ರಕರಣಗಳು 2008ರ ಮೇ ವೇಳೆಗೆ 11.7ಕ್ಕೆ ಇಳಿದವು. ಅಲ್ಲಿ ಕೆಲಸ ಮಾಡಿದ್ದು ಯಂತ್ರದ ವೇಗಕ್ಕಿಂತ ಹೆಚ್ಚಾಗಿ, ಫಲಿತಾಂಶ ಬಂದ ಮೇಲೆ ಏನು ಮಾಡಬೇಕು ಎಂಬುದರಲ್ಲಿ ಗೊಂದಲ ಇಲ್ಲದಿದ್ದದ್ದು. ಇದಕ್ಕೆ ಪೂರಕವಾಗಿ ಯುರೋಪಿನ 13 ಐಸಿಯುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವನ್ನೂ ಹೇಳಬೇಕು: ಸಿಬ್ಬಂದಿ ಕೈ ಶುಚಿಗೊಳಿಸುವ ಪ್ರಮಾಣವನ್ನು ಹೆಚ್ಚಿಸಿ, ರೋಗಿಗಳ ಮೈಯನ್ನು ಕ್ಲೋರ್‌ಹೆಕ್ಸಿಡೀನ್ ಎಂಬ ಸೂಕ್ಷ್ಮಜೀವಿನಾಶಕದಿಂದ ಒರೆಸಿದ ಮೇಲೆ, ಅದಕ್ಕೆ ತಪಾಸಣೆ ಮತ್ತು ಪ್ರತ್ಯೇಕತೆಯನ್ನು ಸೇರಿಸಿದಾಗ ಹೆಚ್ಚುವರಿ ಇಳಿಕೆ ಕಾಣಲಿಲ್ಲ, ತಪಾಸಣೆ ವೇಗದ್ದಾಗಿರಲಿ ನಿಧಾನದ್ದಾಗಿರಲಿ. ಆ ಐಸಿಯುಗಳಲ್ಲಿ ಕೈ ಶುಚಿತ್ವ ಶೇ 52ರಿಂದ ಶೇ 77ಕ್ಕೆ ಏರಿತ್ತು. ಕೈ ತೊಳೆಯದ ವಾರ್ಡಿಗೆ ವೇಗದ ವರದಿ ಕೊಟ್ಟು ಫಲ ನಿರೀಕ್ಷಿಸುವುದು ಸರಿಯಲ್ಲ ಎಂದು ನಾನು ಇದರಿಂದ ಅರ್ಥ ಮಾಡಿಕೊಂಡಿದ್ದೇನೆ. ತಪಾಸಣೆಯೇ ಬೇಡವೆಂದು ಅರ್ಥ ಮಾಡಿಕೊಂಡಿಲ್ಲ, ಏಕೆಂದರೆ ಎನ್‌ಡಿಎಂ ಸೋಂಕಿಗೆ ನಮ್ಮ ಬಳಿ ಉಳಿದಿರುವ ಔಷಧಗಳು ಬೆರಳೆಣಿಕೆಯಷ್ಟು.

ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಇವತ್ತೇ ಸಾಧ್ಯವಿರುವುದು ಕ್ರೋಮೋಜೆನಿಕ್ ತಟ್ಟೆ, ಬೆಳೆದ ಕಾಲೊನಿಗೆ ಪಟ್ಟಿಯ ಪರೀಕ್ಷೆ, ಐಸಿಯುಗೆ ವರ್ಗವಾಗಿ ಬರುವ ರೋಗಿಗಳಿಗೆ ಮಾತ್ರ ಕಾರ್ಟ್ರಿಜ್. ಕ್ಷಯರೋಗಕ್ಕಾಗಿ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಪ್ಪಿಕೊಂಡಿತು, ಅದು ಹಳ್ಳಿಯ ಆರೋಗ್ಯ ಕೇಂದ್ರಗಳವರೆಗೂ ಹೋಗಿದೆ. ಅಂಥ ಯಂತ್ರಗಳಲ್ಲಿ ಎನ್‌ಡಿಎಂ ಮತ್ತು ಆಕ್ಸಾ-48 ಹುಡುಕುವ ಪರೀಕ್ಷೆ ನಮ್ಮ ಸರ್ಕಾರಿ ಆಸ್ಪತ್ರೆಗೆ ಎಟುಕುವ ಬೆಲೆಯಲ್ಲಿ ಸಿಗಬೇಕು; ಅದಕ್ಕಾಗಿ ಸರ್ಕಾರ ಕ್ಷಯರೋಗಕ್ಕೆ ಕೊಟ್ಟಷ್ಟೇ ಗಮನ ಕೊಡಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಈ ಬ್ಯಾಕ್ಟೀರಿಯಾ ಹಿಂದಿನ ಆಸ್ಪತ್ರೆಯಲ್ಲಿಯೇ ಅಂಟಿತು ಎಂದು ನೀವು ತೀರ್ಮಾನಿಸಬೇಡಿ. ಅಲ್ಲಿ ಸೇರುವಾಗ ಸ್ವಾಬ್ ತೆಗೆದಿರದಿದ್ದರೆ ಅದನ್ನು ಹೇಳಲು ಬರುವುದಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ ಎರಡರಲ್ಲಿ, 171 ರಸ್ತೆ ಬದಿಯ ಕೊಳಚೆ ನೀರಿನ ಮಾದರಿಗಳಲ್ಲಿ 51ರಲ್ಲಿ ಎನ್‌ಡಿಎಂ ಜೀನ್ ಸಿಕ್ಕಿತ್ತು. ಆಸ್ಪತ್ರೆಯ ಹೊರಗೂ ಅದು ಇದೆ.

ಮನೆಯಲ್ಲಿ ತಂದೆಯವರನ್ನು ಬೇರೆಯಾಗಿ ಇಡಬೇಕಾಗಿಲ್ಲ. ಮೊಮ್ಮಕ್ಕಳು ಅವರ ಪಕ್ಕದಲ್ಲಿ ಕೂರಬಹುದು, ಅವರನ್ನು ಅಪ್ಪಿಕೊಳ್ಳಬಹುದು, ಒಟ್ಟಿಗೆ ಊಟ ಮಾಡಬಹುದು. ಆಸ್ಪತ್ರೆಯಲ್ಲಿ ಅಷ್ಟೊಂದು ಎಚ್ಚರ ವಹಿಸಿದ್ದು ಅಲ್ಲಿನ ರೋಗಿಗಳ ಮೈಯಲ್ಲಿ ಕೊಳವೆಗಳೂ ಗಾಯಗಳೂ ಇರುವುದರಿಂದ. ಶೌಚದ ನಂತರ ಅವರೂ, ಅವರ ಡಯಾಪರ್ ಅಥವಾ ಮೂತ್ರದ ಚೀಲ ಬದಲಿಸಿದ ನಂತರ ನೀವೂ ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆಯಬೇಕು. ಅಡುಗೆಗೆ ಮೊದಲು ಮತ್ತೆ ತೊಳೆಯಬೇಕು. ಟವೆಲ್ ಬೇರೆ ಇರಲಿ. ಮನೆಯಲ್ಲಿ ಕೀಮೋಥೆರಪಿ ಪಡೆಯುತ್ತಿರುವವರು ಅಥವಾ ಹಸುಗೂಸು ಇದ್ದರೆ ಈ ಶಿಸ್ತಿನಲ್ಲಿ ಸಡಿಲಿಕೆ ಬೇಡ. ಕರುಳಿನಲ್ಲಿ ಈ ಬ್ಯಾಕ್ಟೀರಿಯಾ ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ, ಕೆಲವರಲ್ಲಿ ವರ್ಷಕ್ಕಿಂತ ಹೆಚ್ಚು ಉಳಿಯುತ್ತದೆ. ನೆಗಡಿ, ಭೇದಿ ಎಂದು ಔಷಧದ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಟ್ಟರೆ ಅದು ಹೋಗುವ ದಿನ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಖಂಡಿತ ಕೊಡಬೇಡಿ.

ಡಿಸ್ಚಾರ್ಜ್ ಸಾರಾಂಶದಲ್ಲಿ ‘ಸಿಆರ್‌ಇ ವಾಹಕ’ ಎಂದೂ, ಬ್ಯಾಕ್ಟೀರಿಯಾ ಮತ್ತು ಕಿಣ್ವದ ಹೆಸರನ್ನೂ, ಸ್ವಾಬ್ ತೆಗೆದ ದಿನಾಂಕವನ್ನೂ ಬರೆಸಿಕೊಳ್ಳಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ, ಮೂತ್ರದ ಕೊಳವೆ ಬದಲಿಸಲು ಹೋದರೂ, ನೋಂದಣಿಯ ಹೊತ್ತಿಗೇ ಆ ಕಾಗದವನ್ನು ತೋರಿಸಿ. ಅವರಿಗೆ ಚಳಿಜ್ವರ ಬಂದರೆ, ಮೂತ್ರ ಉರಿ ಅಥವಾ ಮಂಪರು ಕಂಡರೆ, ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆದೊಯ್ದು, ಆಂಟಿಬಯೋಟಿಕ್ ಕೊಡುವ ಮೊದಲು ರಕ್ತ ಮತ್ತು ಮೂತ್ರದ ಕಲ್ಚರ್ ಕಳುಹಿಸುವಂತೆ ವೈದ್ಯರಲ್ಲಿ ಕೇಳಿಕೊಳ್ಳಿ.